ಕುವೈತಿನ ಪುಳಿಮುಂಚಿ

ಬಿಜೈಯ ನಮ್ಮ ಓಣಿಯಲ್ಲಿ ಡಾಲಿಯನ್ನು ಹೊಗಳದವರಿಲ್ಲ. ನನ್ನ ಅತ್ತೆಯಂತೂ ನನಗೆ ಕೇಳಿಸಲೆಂದೇ ಹೊಗಳುತ್ತಾರೆ, "ಗಂಡನಿಗೆ ಒಂದು ದಿನವೂ ತಣ್ಣಗಿನ ಊಟ ಬಡಿಸಿದವಳಲ್ಲ ಅವಳು!" ಡಾಲಿಯ ಮೇಲೆ ನನಗೆ ಹೊಟ್ಟೆಯುರಿ ಬರಬೇಕಿತ್ತು, ಬರಲಿಲ್ಲ. ಅವಳು ಪಾತ್ರೆ ತೊಳೆಯುತ್ತ ಹಾಡುವುದು ನಮ್ಮ ಕಿಟಕಿಗೆ ಕೇಳುತ್ತದೆ. ಅಂಥ ಕಂಠದವಳ ಮೇಲೆ ಮುನಿಸಿಕೊಳ್ಳುವುದು ಹೇಗೆ?

ಮದುವೆಗೆ ಮೊದಲು ಅವಳು ಇಗರ್ಜಿಯ ಗಾಯನ ತಂಡದಲ್ಲಿದ್ದಳು. ಆಮೇಲೆ ಗಂಡ ಜೊಕಿಮ್ ಕುವೈತಿನಲ್ಲಿ, ಇವಳು ಇಲ್ಲಿ ಅತ್ತೆಯ ಆರೈಕೆ, ಮಗಳ ಶಾಲೆ ಎನ್ನುತ್ತ ಹಾಡು ಬಿಟ್ಟಳು. ಅತ್ತೆ ತೀರಿಕೊಂಡು, ಮಗಳು ಎಲೇನ್ ನರ್ಸ್ ಆಗಿ ಹೋದ ಮೇಲೆ ಇನ್ನಾದರೂ ಹಾಡೋಣ ಅಂದುಕೊಳ್ಳುವಷ್ಟರಲ್ಲಿ ಜೊಕಿಮ್ ಕೆಲಸ ಬಿಟ್ಟು ಊರಿಗೆ ಬಂದ. ತಂಡದ ಪ್ರಾಕ್ಟೀಸು ಬುಧವಾರ ಸಂಜೆ. ಅವನ ಊಟವೂ ಅದೇ ಹೊತ್ತಿಗೆ.

"ನೀನು ಹೋದ್ರೆ ನನಗೆ ಯಾರು ಮಾಡಿ ಹಾಕುವುದು? ಗಂಡಸರಿಗೆ ಅಡುಗೆಮನೆಯಲ್ಲಿ ಎಂತ ಗೊತ್ತುಂಟು?" ಅಂದನಂತೆ. ಗದರಿಸಲಿಲ್ಲ, ನಗುತ್ತಲೇ ಅಂದ. ನಗುತ್ತ ಹೇಳಿದ ಮಾತಿಗೆ ಜಗಳ ಆಡುವುದು ಭಾರಿ ಕಷ್ಟ. ಡಾಲಿ ತಂಡದವರಿಗೆ ಬರುವುದಿಲ್ಲ ಎಂದು ಹೇಳಿಬಿಟ್ಟಳು.

ಮೊನ್ನೆ ಆದಿತ್ಯವಾರ ಬಂದರಿನ ನಿಝಾರ್ ಡಾಲಿಯ ಮನೆಗೆ ಊಟಕ್ಕೆ ಬಂದ. ಕುವೈತಿನಲ್ಲಿ ಅವನೂ ಜೊಕಿಮನೂ ಒಂದೇ ರೂಮಿನಲ್ಲಿದ್ದವರು. ನನ್ನನ್ನೂ ಕರೆದಿದ್ದರು. ಡಾಲಿ ಹುಳಿ-ಖಾರ ಹದವಾಗಿ ಹಿಡಿದ ಬಂಗುಡೆ ಮೀನಿನ ಪುಳಿಮುಂಚಿ ಬಡಿಸಿದಳು.

"ಲಾಯ್ಕ್ ಉಂಟು ಅಕ್ಕ," ಎಂದು ನಿಝಾರ್ ಬೆರಳು ಚೀಪಿದ. "ಆದ್ರೆ ಜೊಕಿಮಣ್ಣನ ಪುಳಿಮುಂಚಿಯೇ ಬೇರೆ ಮಾರಾಯ್ರೆ! ಇವರ ಟರ್ನ್ ಇದ್ದ ದಿನ ಪಕ್ಕದ ರೂಮಿನವರೂ ಪ್ಲೇಟ್ ಹಿಡ್ಕೊಂಡು ಬರ್ತಿದ್ರು."

ಡಾಲಿಯ ಕೈಯ ಸೌಟು ನಿಂತಿತು. "ಇವರು ಅಡುಗೆ ಮಾಡ್ತಿದ್ರಾ?"

"ಮತ್ತೆ? ಮೀನು ಕ್ಲೀನ್ ಮಾಡುವುದು, ಮಸಾಲೆ ಅರೆಯುವುದು ಎಲ್ಲ ನನಗೆ ಕಲಿಸಿದ್ದೇ ಇವರು. ಈಗ ಮನೆಯಲ್ಲಿ ಶುಕ್ರವಾರ ನಂದೇ ಅಡುಗೆ."

ಜೊಕಿಮ್ ತಟ್ಟೆ ನೋಡುತ್ತಲೇ ಹೇಳಿದ, "ಅಲ್ಲಿ ನೀನು ಇರ್ಲಿಲ್ಲ ಅಲ್ಲ ಡಾಲಿ, ಅದಕ್ಕೆ ಮಾಡಿದ್ದು."

ನನಗೆ ಮೈಯೆಲ್ಲ ಉರಿಯಿತು. ಡಾಲಿ ಮಾತ್ರ ಅವನ ತಟ್ಟೆಗೆ ಇನ್ನೊಂದು ಬಂಗುಡೆ ಬಡಿಸಿದಳು. ಇವಳನ್ನು ದೇವರೇ ಕಾಯಬೇಕು ಎಂದುಕೊಂಡು ಮನೆಗೆ ಬಂದೆ.

ಬುಧವಾರ ಸಂಜೆ ನಾನು ಒಣಗಿದ ಬಟ್ಟೆ ತೆಗೆಯುತ್ತಿದ್ದೆ. ಡಾಲಿ ಒಳ್ಳೆಯ ಸೀರೆ ಉಟ್ಟು ಗೇಟಿನ ಹತ್ತಿರ ನಿಂತಿದ್ದಳು. ಬಾಗಿಲಲ್ಲಿ ಜೊಕಿಮ್.

"ಡಾಲಿ, ಊಟ?"

"ಬಂಗುಡೆ ತಂದಿಟ್ಟಿದ್ದೇನೆ. ಮೆಣಸು, ಹುಳಿ ಅಲ್ಲೇ ಉಂಟು."

"ಎಂತ, ನಾನಾ ಮಾಡುವುದು?"

"ಹೌದು. ಬುಧವಾರ ಇಲ್ಲಿಯೂ ನಾನು ಇರುವುದಿಲ್ಲ ಅಲ್ಲ."

ಗೇಟು ಹಾಕಿ ಇಗರ್ಜಿಯ ಕಡೆ ನಡೆದಳು. ನಾನು ಬಟ್ಟೆ ಮಡಚಿ ಮುಗಿಸುವಷ್ಟರಲ್ಲಿ ಅವರ ಮನೆಯಲ್ಲಿ ಮಿಕ್ಸಿ ತಿರುಗಿತು. ಹುರಿದ ಮೆಣಸಿನ ಘಾಟು ನಮ್ಮ ಚಾವಡಿಗೂ ಬಂತು.

"ನೋಡು, ಡಾಲಿ ಆಗಲೇ ಅಡುಗೆ ಸುರು ಮಾಡಿದಳು," ಎಂದರು ಅತ್ತೆ.

"ಇಲ್ಲ ಮಾಮಿ," ಅಂದೆ, "ಅವಳು ಹಾಡ್ಲಿಕ್ಕೆ ಹೋಗಿದ್ದಾಳೆ."