ಚಪ್ಪಾಳೆಯ ನಡುವೆ ಅವಳ ದನಿ

ನಾವು ಜೋಗದ ಕ್ವಾರ್ಟರ್ಸಿನಲ್ಲಿದ್ದಾಗ ನನ್ನ ಜೊತೆ ಕೆಲಸ ಮಾಡುತ್ತಿದ್ದ ಎಂಜಿನಿಯರ್ ಒಬ್ಬರು ಒಂದೇ ದಿನದ ಮಟ್ಟಿಗೆ ಒಂದು ಕ್ಯಾಸೆಟ್ ಕೊಟ್ಟರು. ಅಮೆರಿಕದ ಯಾವುದೋ ಸಭಾಂಗಣದಲ್ಲಿ ಜನರೆದುರು ಹಾಡಿದ ಬ್ಲೂಸ್ ಹಾಡುಗಳು. ಹಾಡುವವನು ತನ್ನ ಸಂಕಟ ಹೇಳುತ್ತಾನೆ, ಗಿಟಾರು ಅದನ್ನೇ ಇನ್ನೊಮ್ಮೆ ಹೇಳುತ್ತದೆ, ಕೂತವರಲ್ಲಿ ಯಾರೋ ತಡೆಯಲಾರದೆ ಕೂಗುತ್ತಾರೆ. ನನ್ನ ಇಂಗ್ಲಿಷ್ ಅರ್ಧಂಬರ್ಧ, ಆದರೂ ಮೈ ಜುಮ್ಮೆಂದಿತು. ಸ್ಟುಡಿಯೋದಲ್ಲಿ ಬಾಗಿಲು ಹಾಕಿಕೊಂಡು ಹಾಡಿದ್ದರಲ್ಲಿ ಹಾಡು ಮಾತ್ರ ಇರುತ್ತದೆ. ಇದರಲ್ಲಿ ಜನ ಇದ್ದರು. ಕೆಮ್ಮುತ್ತಿದ್ದರು, ನಗುತ್ತಿದ್ದರು, ಕುರ್ಚಿ ಎಳೆಯುತ್ತಿದ್ದರು. ತಾಳಮದ್ದಲೆ ಕೇಳಿ ಬೆಳೆದ ನನಗೆ ಇದು ಪರದೇಶದ್ದು ಅನ್ನಿಸಲೇ ಇಲ್ಲ.

ಆಗ ಕ್ಯಾಸೆಟ್ ನಕಲು ಮಾಡಲು ನಮಗೆ ಗೊತ್ತಿದ್ದದ್ದು ಒಂದೇ ದಾರಿ. ಎರಡು ಟೇಪ್‌ರೆಕಾರ್ಡರ್ ಎದುರುಬದುರು ಇಟ್ಟು, ಒಂದರಲ್ಲಿ ಹಾಡು ಹಚ್ಚಿ, ಇನ್ನೊಂದರಲ್ಲಿ ರೆಕಾರ್ಡ್ ಒತ್ತುವುದು. ಕುಕ್ಕರ್ ಇಡಬಾರದು, ಫ್ಯಾನ್ ಹಾಕಬಾರದು ಎಂದು ದೊಡ್ಡ ದೊರೆಯ ಹಾಗೆ ಅಪ್ಪಣೆ ಮಾಡಿದೆ. ನನ್ನ ಹೆಂಡತಿ ಏಳು ವರ್ಷದ ಮಗಳನ್ನು ಅಡಿಗೆಮನೆಯಲ್ಲಿ ಕೂರಿಸಿಕೊಂಡು ಮುಕ್ಕಾಲು ಗಂಟೆ ತುಟಿ ಪಿಟಕ್ಕೆನ್ನಲಿಲ್ಲ.

ಕೊನೆಯ ಹಾಡಿನ ನಡುವೆ ಗಿಟಾರು ಏರಿ ನಿಂತಾಗ ಸಭೆಯೆಲ್ಲ ಚಪ್ಪಾಳೆ ಹೊಡೆಯಿತು. ನಮ್ಮ ಕಡೆ ಯಾವ ಕಾರ್ಯಕ್ರಮದಲ್ಲೂ ಅಷ್ಟು ಜೋರು ಚಪ್ಪಾಳೆ ಬಿತ್ತೆಂದರೆ ಮುಗಿಯಿತು ಎಂದೇ ಅರ್ಥ. ನನ್ನ ಹೆಂಡತಿಯೂ ಹಾಗೇ ತಿಳಿದು ಬಾಗಿಲು ತೆರೆದಳು.

“ಮುಗೀತಲ್ರೀ? ಬನ್ನಿ, ಕಡುಬು ಆರ್ತಾ ಇದೆ.”

“ಥೂ! ಎಲ್ಲಾ ಹಾಳು ಮಾಡ್ಬಿಟ್ಯಲ್ಲೇ, ದರಿದ್ರದವಳೇ!”

“ಅಯ್ಯೋ, ತಪ್ಪಾಯ್ತು.”

ಬಾಗಿಲು ಮೆಲ್ಲಗೆ ಮುಚ್ಚಿತು. ಇಷ್ಟೂ ಟೇಪಿನಲ್ಲಿ ಕೂತುಬಿಟ್ಟಿತು. ಮುಂದೆ ಎಷ್ಟೋ ವರ್ಷ ಆ ಜಾಗ ಬಂದ ಕೂಡಲೇ ಕ್ಯಾಸೆಟ್ ಮುಂದಕ್ಕೆ ಓಡಿಸುತ್ತಿದ್ದೆ. ನನ್ನ ಹೆಂಡತಿ ಅಮೆರಿಕದವರಿಗೆಲ್ಲ ಕಡುಬು ಬಡಿಸಿದಳು ಎಂದು ನೆಂಟರೆದುರು ತಮಾಷೆ ಮಾಡುತ್ತಿದ್ದೆ. ಅವಳೂ ನಗುತ್ತಿದ್ದಳು.

ಅವಳು ತೀರಿಕೊಂಡು ನಾಲ್ಕು ವರ್ಷವಾಯಿತು. ಫೋನು ಎದುರಿಗೆ ಹಿಡಿದರೆ ಬಾಯಿ ಮುಚ್ಚಿಕೊಳ್ಳುವ ಹೆಂಗಸು. ಮದುವೆ ವಿಡಿಯೊಗಳಲ್ಲಿ ಅವಳ ತುಟಿ ಅಲ್ಲಾಡುತ್ತದೆ, ಕೇಳುವುದು ಸಿನಿಮಾ ಹಾಡು. ಅವಳ ದನಿ ಉಳಿದಿರುವುದು ಆ ಕ್ಯಾಸೆಟ್ಟಿನಲ್ಲಿ ಮಾತ್ರ. ಕೇಳಿ ಕೇಳಿ ಹಾಡುಗಳೆಲ್ಲ ಸವೆದಿವೆ, ನಾನು ಓಡಿಸುತ್ತಿದ್ದ ಜಾಗ ಮಾತ್ರ ಹೊಸದರಂತಿದೆ. ಮಧ್ಯಾಹ್ನ ಒಬ್ಬನೇ ಕೂತು ಅದನ್ನು ಹಾಕುತ್ತೇನೆ. ಚಪ್ಪಾಳೆ ಶುರುವಾದರೆ ಬೆನ್ನ ಹಿಂದೆ ಬಾಗಿಲು ತೆರೆಯುತ್ತದೆ. ಗೊತ್ತಿದ್ದೂ ತಿರುಗಿ ನೋಡುತ್ತೇನೆ. ಅಷ್ಟರಲ್ಲಿ ಟೇಪಿನಲ್ಲಿ ನಾನು ಕಿರುಚುತ್ತೇನೆ. ನನಗೆ ಭಯವಾಗುವುದು ಅವಳ ದನಿಗಲ್ಲ, ನನ್ನದಕ್ಕೆ.

ಈ ಮಳೆಗಾಲದಲ್ಲಿ ಟೇಪು ಎರಡು ಸಲ ಸಿಕ್ಕಿಹಾಕಿಕೊಂಡಿತು. ಹರಿದರೆ ಅವಳು ಪೂರ್ತಿ ಹೋದಳು ಎಂದು ಹೆದರಿ, ಸಾಗರದಲ್ಲಿ ಇಂಥದ್ದನ್ನು ಪೆನ್‌ಡ್ರೈವಿಗೆ ಹಾಕಿಕೊಡುವವರ ಹತ್ತಿರ ಒಯ್ದೆ. ಅವರು ಕೇಳಿಸಿಕೊಂಡು, “ಮಧ್ಯ ಯಾರೋ ಬೈತಾರಲ್ಲ ಸಾರ್, ಅದನ್ನ ತೆಗೀಲಾ?” ಎಂದರು.

“ತೆಗೀರಿ” ಎಂದೆ. ನಾನೇ ಎಂದು ಹೇಳಲಿಲ್ಲ.

ಪೆನ್‌ಡ್ರೈವನ್ನು ತೀರ್ಥಹಳ್ಳಿಯಲ್ಲಿರುವ ಮಗಳ ಮನೆಗೆ ತೆಗೆದುಕೊಂಡು ಹೋದೆ. ಅವಳು ಲ್ಯಾಪ್‌ಟಾಪಿಗೆ ಹಾಕಿದಳು. ಚಪ್ಪಾಳೆ ಬಂತು, ಬಾಗಿಲು ತೆರೆಯಿತು, ಅವಳಮ್ಮ ಕಡುಬಿಗೆ ಕರೆದಳು. ಮರುಕ್ಷಣವೇ ತಪ್ಪಾಯ್ತು ಎಂದಳು. ಮಗಳು ಕಣ್ಣೊರೆಸಿಕೊಳ್ಳುತ್ತಿದ್ದವಳು ನಿಲ್ಲಿಸಿ ನನ್ನನ್ನು ನೋಡಿದಳು.

“ನೀನು ಬೈದಿದ್ದು ಎಲ್ಲಪ್ಪಾ?”

“ತೆಗೆಸಿದೆ.”

“ಯಾಕೆ? ಈಗ ಅಮ್ಮ ಸುಮ್ಸುಮ್ನೆ ತಪ್ಪಾಯ್ತು ಅಂದ ಹಾಗಾಯ್ತಲ್ಲ.”

“ಅವತ್ತೂ ಅವಳು ಸುಮ್ಸುಮ್ನೇ ಅಂದಿದ್ದು ಕಣೇ” ಎಂದೆ.