ಗಾರ್ಸೈಡ್ ಮೇಷ್ಟ್ರ ಪೆನ್ಸಿಲ್ಲು
ನಮ್ಮ ಗಾಯನ ಸಂಘವನ್ನು ನಡೆಸುವ ಗಾರ್ಸೈಡ್ ಮೇಷ್ಟ್ರು ಅಭ್ಯಾಸಕ್ಕೆ ಪೆನ್ಸಿಲ್ ತರದೆ ಬರುವವರನ್ನು ಮನುಷ್ಯರೆಂದೇ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಇಂಗ್ಲೆಂಡಿನ ಯಾರ್ಕ್‌ಷೈರಿನ ಈ ಬಟ್ಟೆಗಿರಣಿ ಊರಿಗೆ ಶಾಲೆಯಲ್ಲಿ ಸಂಗೀತ ಕಲಿಸಲು ಬಂದವರು ಮೂವತ್ತೆಂಟು ವರ್ಷಗಳಲ್ಲಿ ಅರ್ಧ ಊರಿನ ಬಾಯಿ ತೆರೆಸಿದ್ದಾರೆ, ಇನ್ನರ್ಧದ್ದು ಮುಚ್ಚಿಸಿದ್ದಾರೆ. ಲಂಡನ್ನಿನಿಂದ ಬರುವ ವಾದ್ಯವೃಂದವೂ ಅವರ ತಾಳ ತೋರಿಸುವ ಕೋಲಿನ ಮುಂದೆ ಶಾಲೆ ಮಕ್ಕಳ ಹಾಗೆ ನೆಟ್ಟಗೆ ಕೂರುತ್ತದೆ. ಮಂಗಳವಾರ ಸಂಜೆಯ ಅಭ್ಯಾಸದಲ್ಲಿ "ಬರಕೊಳ್ಳಿ, ಇಲ್ಲಿ ಉಸಿರು" ಅಂದರೆ ನೂರು ಪೆನ್ಸಿಲ್ಲು ಹಾಡಿನ ಹಾಳೆಯ ಮೇಲೆ ಒಟ್ಟಿಗೆ ಗೀಚಬೇಕು. "ಮೇಲ್ದನಿಯ ಅಮ್ಮಂದಿರೇ, ಸಂತೆಗೆ ಬಂದಿದ್ದೀರಾ?" ಎಂದು ಗದರಿ, ಚಹಾದ ಹೊತ್ತಿಗೆ ಅದೇ ಅಮ್ಮಂದಿರು ತಂದ ಶುಂಠಿ ಕೇಕನ್ನು ಎರಡು ತುಂಡು ತಿನ್ನುತ್ತಾರೆ. ಮೂರು ವರ್ಷಕ್ಕೊಮ್ಮೆ ಪ್ರತಿಯೊಬ್ಬರೂ ಅವರೆದುರು ಒಬ್ಬರೇ ನಿಂತು ಹಾಡಬೇಕು. ದನಿ ಹೋಗಿದ್ದರೆ ಸೀದಾ ಮನೆಗೆ. ಸ್ವಂತ ಭಾವಮೈದುನನನ್ನೇ ಹಾಗೆ ಕಳಿಸಿದವರು. ಎಪ್ಪತ್ತೇಳನೇ ವಯಸ್ಸಿನಲ್ಲಿ ನನ್ನ ಸರದಿ ಬಂದಾಗ ಗಂಟಲು ನಾಲ್ಕನೇ ಸ್ವರಕ್ಕೇ ಕೈಕೊಟ್ಟಿತು. ಮೇಷ್ಟ್ರು ಪಿಯಾನೊ ಮುಚ್ಚಿದರು. "ಥ್ಯೂಲಿಸ್, ನಿಮ್ಮ ಉಸಿರು ಇನ್ನೂ ಗಟ್ಟಿಯಾಗಿದೆ. ಮೊದಲನೇ ಸಾಲಲ್ಲೇ ನಿಂತ್ಕೊಳ್ಳಿ, ಹಾಡೋದು ಬೇಡ. ಸರಿಯಾದ ಜಾಗದಲ್ಲಿ ಉಸಿರು ತಗೊಳ್ಳಿ, ಹಿಂದಿನೋರು ನಿಮ್ಮ ಭುಜ ನೋಡಿ ತಗೋತಾರೆ," ಅಂದರು. ಮುದುಕನ ಮೇಲಿನ ಕನಿಕರಕ್ಕೆ ಹಾಗಂದರು ಎಂದೇ ಎರಡು ವರ್ಷ ತಿಳಿದಿದ್ದೆ. ಆದರೆ ಮೊನ್ನೆ ಮಂಗಳವಾರ ಎಲ್ಲರೆದುರು ಇಡೀ ಹಾಡನ್ನೇ ನಿಲ್ಲಿಸಿ, ಕೋಲನ್ನು ನೇರ ನನ್ನ ಕಡೆ ತಿರುಗಿಸಿ ಕೇಳಿದರು: "ಥ್ಯೂಲಿಸ್, ಉಸಿರು ತಡವಾಯ್ತು. ಪೆನ್ಸಿಲ್ ಎಲ್ರೀ?"