ಹಳದಿ ಸಾಲಿನ ಜೋಳ

ಸಿಟ್ಟು ನನ್ನ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಅವ್ವ ಹೇಳುತ್ತಿದ್ದಳು. ಇರಲಿ ಬಿಡಿ, ಸಿಟ್ಟಿಗೆ ನನಗೆ ನಾಚಿಕೆಯಿಲ್ಲ. ಹೈದರಾಬಾದಿನಲ್ಲಿ ಹೇಳಿದ ಒಂದು ಸುಳ್ಳು ಮಾತ್ರ ಇವತ್ತಿಗೂ ಗಂಟಲಲ್ಲಿ ಸಿಕ್ಕಿಕೊಂಡಿದೆ.

ಗಚ್ಚಿಬೌಲಿ ಕಡೆ ಸಂಶೋಧನೆ ಮಾಡುತ್ತಿದ್ದಾಗ ಹಸಿರುಮನೆಯಲ್ಲಿ ಮೂರು ಸಾಲು ಕುಂಡಗಳಲ್ಲಿ ಜೋಳ ಬೆಳೆಸಿದ್ದೆ. ಮೊದಲ ಸಾಲಿಗೆ ಯೂರಿಯಾ ಕಲಸಿದ ನೀರು ಪೂರ್ತಿ, ಎರಡನೆಯದಕ್ಕೆ ಅರ್ಧ, ಮೂರನೆಯದಕ್ಕೆ ಬರೀ ನೀರು. ಸಾರಜನಕ ಸಿಗದ ಪೈರು ಹೇಗೆ ಸೊರಗುತ್ತದೆ, ಹಸಿರು ಕಳೆದುಕೊಂಡ ಎಲೆ ಬಿಸಿಲಿನಿಂದ ಎಷ್ಟು ಆಹಾರ ಮಾಡಿಕೊಳ್ಳಬಲ್ಲದು ಎಂದು ಅಳೆಯುವುದು ನನ್ನ ಕೆಲಸ. ನೀರು ಹಾಕಲು ದಿನಗೂಲಿಯ ಹೆಂಗಸೊಬ್ಬಳಿದ್ದಳು, ಯಾದಗಿರಿ ಕಡೆಯವಳು. ಅಲ್ಲಿ ನನ್ನ ಜೊತೆ ಕನ್ನಡ ಮಾತಾಡುತ್ತಿದ್ದವಳು ಅವಳೊಬ್ಬಳೇ. ನಾನು ಆಯಿ ಅನ್ನುತ್ತಿದ್ದೆ, ಅವಳು ನನ್ನನ್ನು ಯವ್ವಾ ಅನ್ನುತ್ತಿದ್ದಳು. ಕಟ್ಟಡದ ಕೆಲಸದಲ್ಲಿ ಸೊಂಟ ಹಿಡಿದು ಇಲ್ಲಿಗೆ ಬಂದಿದ್ದಳು. ಇಟ್ಟಿಗೆ ಹೊರುವುದು ಇನ್ನು ಅವಳಿಂದ ಸಾಧ್ಯವಿರಲಿಲ್ಲ.

ಮೂರನೇ ಸಾಲು ಹಳದಿಗೆ ತಿರುಗಿದ ದಿನ ಅವಳು ಅದರ ಮುಂದೆಯೇ ಕೂತುಬಿಟ್ಟಳು.

“ಯವ್ವಾ, ಕೆಳಗಿನ ಎಲಿನ ಮೊದಲ ಯಾಕ ಒಣಗತಾವು?”

“ಸಾರ ಸಾಲದಿದ್ರ ಹಳೇ ಎಲಿ ತನ್ನ ಕಡೆ ಇದ್ದದ್ದನ್ನ ಸುಳಿಗೆ ಕೊಡತೈತಿ, ಆಯಿ.”

“ಅಯ್ಯ ಶಿವನ! ತಾನು ಉಪಾಸ ಇದ್ದು ಕೂಸಿಗೆ ಉಣಸಾಕತ್ತೈತಿ ಅನ್ನು.”

ನಾನು ನಕ್ಕು, ಹಸಿರು ಅಳೆಯುವ ಮೀಟರನ್ನು ಮುಂದಿನ ಎಲೆಗೆ ಕಚ್ಚಿಸಿದೆ.

ಆಮೇಲೆ ಜ್ವರ ಬಂದು ಹತ್ತು ದಿನ ಹಾಸಿಗೆ ಹಿಡಿದೆ. ಮಲಗಿದಲ್ಲಿಂದಲೇ ಅವಳಿಗೆ ಫೋನು ಮಾಡಿ, “ಮೂರನೇ ಸಾಲಿಗೆ ಬರೀ ನೀರು, ಮರೀಬ್ಯಾಡ” ಎಂದೆ. ಯಾಕೆ ಎಂದು ಕೇಳಿದಳು. “ಹೇಳಿದಷ್ಟು ಮಾಡು” ಎಂದು ಫೋನಿಟ್ಟೆ.

ಜ್ವರ ಬಿಟ್ಟು ಹಸಿರುಮನೆಗೆ ಬಂದು ನೋಡಿದರೆ ಮೂರನೇ ಸಾಲು ಹಸಿರಾಗಿತ್ತು. ಹೋಲಿಸಿ ಅಳೆಯಲು ಸೊರಗಿದ ಪೈರೇ ಉಳಿದಿರಲಿಲ್ಲ.

“ಇವಕ್ಕ ಏನ್ ಹಾಕಿದಿ?”

“ಬಕೀಟಿನ ತಳದಾಗ ಉಳದ ಗೊಬ್ಬರದ ನೀರು. ಹೆಂಗಿದ್ರೂ ಚೆಲ್ಲತಿದ್ವಿ. ಒಂದ ಪಂಕ್ತಿಗೆ ಕುಂದ್ರಿಸಿ ಒಬ್ಬರಿಗೆ ನೀಡಿ ಒಬ್ಬರಿಗೆ ಬಿಟ್ಟರ ಪಾಪ ಹತ್ತತೈತಿ, ಯವ್ವಾ. ಆ ಪಾಪ ನಿನಗ ಬ್ಯಾಡ ಅಂತ ನಾನ ಹಾಕಿದೆ.”

“ನಿನಗ ತಲಿ ಐತೇನು? ನನ್ನ ಹೊಟ್ಟಿ ಮ್ಯಾಲೆ ಹೊಡದಿ!” ಎಂದು ಕಿರುಚಿದೆ. ಇನ್ನೂ ಏನೇನೋ ಅಂದೆ. ಅವಳು ಸೆರಗಿಗೆ ಕೈ ಒರೆಸಿಕೊಳ್ಳುತ್ತ ನಿಂತಿದ್ದಳು.

ನನ್ನ ಸಂಶೋಧನೆಯ ಮಾರ್ಗದರ್ಶಕರು ನನ್ನನ್ನು ಕರೆಸಿ ಒಂದೇ ಪ್ರಶ್ನೆ ಕೇಳಿದರು: ಆ ಸಾಲನ್ನು ಯಾಕೆ ಉಪವಾಸ ಇಟ್ಟಿದ್ದೀವೆಂದು ಅವಳಿಗೆ ತಿಳಿಸಿದ್ದೆಯಾ? ಇಲ್ಲ ಅಂದರೆ ತಪ್ಪು ನನ್ನದಾಗುತ್ತಿತ್ತು. ಇನ್ನೊಂದು ಬೆಳೆ ತೆಗೆಯಲು ಅವರು ಬಿಡುತ್ತಾರೋ ಇಲ್ಲವೋ ಎಂಬ ಭಯ.

“ಎರಡು ಸಲ ಬಿಡಿಸಿ ಹೇಳಿದ್ದೆ, ಸರ್.”

ಹೇಳಿದರೂ ಕೇಳದವಳು ಸೋಮವಾರದಿಂದ ಬರುವುದು ಬೇಡ ಎಂದರು. ಆಗಲಾದರೂ ಬಾಯಿ ಬಿಡಬಹುದಿತ್ತು. ಬಿಡಲಿಲ್ಲ, ಹೇಡಿ ನಾನು.

ಶನಿವಾರ ಸಂಜೆ ಬುತ್ತಿಯ ಡಬ್ಬಿ ಹಿಡಿದು ಅವಳು ಹಸಿರುಮನೆಯ ಬಾಗಿಲಿಗೆ ಬಂದಳು. ಕೆಲಸ ಯಾಕೆ ಹೋಯಿತೆಂದು ಕೇಳುತ್ತಾಳೆ ಅಂದುಕೊಂಡೆ.

“ಬೈದಿ ಅಂತ ನನಗ ಬ್ಯಾಸರಿಲ್ಲ, ಯವ್ವಾ. ಆ ಹಳದಿ ಸಾಲು ಪೂರಾ ಚೇತರಿಸ್ಕೊಂಡಾವಿಲ್ಲೋ?”

ಆ ಸಾಲನ್ನು ಬೆಳಿಗ್ಗೆಯಷ್ಟೇ ಬೇರುಸಹಿತ ಕಿತ್ತು ಗುಂಡಿಗೆ ಎಸೆದಿದ್ದೆ.

“ಚೇತರಿಸ್ಕೊಂಡಾವ, ಆಯಿ.”

“ಚಲೋ ಆತು ನೋಡು” ಎಂದು ನಕ್ಕಳು. ಸೊಂಟದ ಮೇಲೆ ಕೈಯಿಟ್ಟುಕೊಂಡು ನಾಲ್ಕು ಹೆಜ್ಜೆ ಹೋಗಿ ತಿರುಗಿದಳು. “ಸೋಮವಾರದಿಂದ ನೀನ ನೀರ ಹಾಕು. ಮರೀಬ್ಯಾಡ.”